ಅರಿವಿಗೆ ಪರೀಕ್ಷೆಯ ಒರೆಗಲ್ಲು: ಮನೋವಿಜ್ಞಾನದ ಸಂಶೋಧನಾ ವಿಧಾನಗಳನ್ನು ಅಭ್ಯಸಿಸುವ ಬಗೆ

ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಬಡಾವಣೆಗಳಲ್ಲಿ ನೆಲೆಸಿರುವ ಶ್ರೀಮಠದ ಸದ್ಭಕ್ತರ ಮನೆಗಳಲ್ಲಿ ಪದವಿಪೂರ್ವ ಹಾಗೂ ಪದವಿ ತರಗತಿಗಳಿಗೆ ಮನೋವಿಜ್ಞಾನವನ್ನು ಐಚ್ಛಿಕ ವಿಷಯವಾಗಿ ಆಯ್ದುಕೊಂಡ ಮಕ್ಕಳಿದ್ದಾರೆ. ಕನಸು, ನೆನಪು, ಭಾವನೆ, ವ್ಯಕ್ತಿತ್ವಗಳ ಬಗೆಗಿನ ಕುತೂಹಲದಿಂದ ಈ ಶಾಸ್ತ್ರದ ಬಾಗಿಲಿಗೆ ಬಂದವರಿಗೆ ಆರಂಭದಲ್ಲಿಯೇ ಎದುರಾಗುವ ಅಧ್ಯಾಯವೆಂದರೆ ಸಂಶೋಧನಾ ವಿಧಾನಗಳು. ಪ್ರಾಕ್ಕಲ್ಪನೆ, ಚರ, ಮಾದರಿ, ಸಹಸಂಬಂಧ ಮುಂತಾದ ಪದಗಳನ್ನು ಕಂಡು ಎಷ್ಟೋ ಮಕ್ಕಳು ಎದೆಗುಂದುತ್ತಾರೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಇದೇ ಪದಗಳು ಹೈಪಾಥಿಸಿಸ್, ವೇರಿಯಬಲ್, ಸ್ಯಾಂಪಲ್, ಕೋರಿಲೇಷನ್ ಎಂಬ ಇನ್ನೊಂದು ವೇಷದಲ್ಲಿ ಬಂದಾಗ ಕಷ್ಟ ಇಮ್ಮಡಿಯಾಗುತ್ತದೆ. ಕಿರುಪರೀಕ್ಷೆ ಸಮೀಪಿಸಿದಾಗ ಅರ್ಥವನ್ನು ಬಿಟ್ಟು ವ್ಯಾಖ್ಯೆಗಳನ್ನು ಬಾಯಿಪಾಠ ಮಾಡುವುದೊಂದೇ ದಾರಿಯೆಂದು ಅವರಿಗೆ ತೋರುತ್ತದೆ.

ಈ ಲೇಖನವು ಅಂತಹ ವಿದ್ಯಾರ್ಥಿಗಳಿಗಾಗಿ ಬರೆದುದು. ಆದರೆ ಅವರ ತಂದೆತಾಯಿಗಳೂ ಭಕ್ತಮಹಾಶಯರೂ ಇದನ್ನು ಓದಬೇಕೆಂಬುದು ನಮ್ಮ ಅಪೇಕ್ಷೆ. ಏಕೆಂದರೆ ಮನಸ್ಸಿನ ಬಗೆಗೆ ನಾವೆಲ್ಲರೂ ದಿನವೂ ತೀರ್ಪು ನೀಡುತ್ತಿರುತ್ತೇವೆ. ಇಂಥದ್ದನ್ನು ಮಾಡಿದರೆ ಮಕ್ಕಳ ಜ್ಞಾಪಕಶಕ್ತಿ ಹೆಚ್ಚುತ್ತದೆ, ಇಂಥ ಆಚರಣೆಯನ್ನು ವಿಜ್ಞಾನಿಗಳೇ ಒಪ್ಪಿದ್ದಾರೆ ಎಂಬ ಸಂದೇಶಗಳು ಪ್ರತಿದಿನ ಮುಂಜಾನೆ ನಮ್ಮ ಮೊಬೈಲುಗಳಿಗೆ ಬಂದು ಬೀಳುತ್ತವೆ. ಅವುಗಳಲ್ಲಿ ಯಾವುದು ಸತ್ಯ, ಯಾವುದು ಹುಸಿ ಎಂದು ತೂಗಿ ನೋಡುವ ತಕ್ಕಡಿಯೇ ಈ ಅಧ್ಯಾಯ.

ಪ್ರಶ್ನಿಸುವ ಪರಂಪರೆ

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರು ಕೂಡಿದ ಅನುಭವ ಮಂಟಪವನ್ನು ನಾವು ಸ್ಮರಿಸುವಾಗ ಅಲ್ಲಿ ನಡೆದ ಪ್ರಶ್ನೋತ್ತರಗಳನ್ನು ಮರೆಯಲಾಗದು. ಅಕ್ಕಮಹಾದೇವಿ ಮಂಟಪಕ್ಕೆ ಬಂದಾಗ ಅಲ್ಲಮಪ್ರಭುಗಳು ಆಕೆಯನ್ನು ಕಠಿಣ ಪ್ರಶ್ನೆಗಳಿಗೆ ಗುರಿಪಡಿಸಿದರು. ಸಿದ್ಧರಾಮ, ಮುಕ್ತಾಯಕ್ಕ ಮೊದಲಾದವರೂ ಪ್ರಭುಗಳೊಡನೆ ಸಂವಾದಿಸಿದರು. ಶೂನ್ಯಸಂಪಾದನೆಯ ಕೃತಿಗಳು ಈ ಸಂವಾದಗಳನ್ನೇ ಹೆಣೆದು ಮೂಡಿದವು. ಅನುಭವ ಮಂಟಪವನ್ನು ಇಂದಿನ ಪ್ರಯೋಗಶಾಲೆಯೆಂದು ಕರೆಯುವುದು ಅತಿಶಯೋಕ್ತಿಯಾದೀತು; ಶರಣರ ಗುರಿ ಅನುಭಾವವಾಗಿತ್ತು, ಅಂಕಿಅಂಶವಲ್ಲ. ಆದರೆ ಹೇಳಿದವರು ದೊಡ್ಡವರೆಂಬ ಒಂದೇ ಕಾರಣಕ್ಕೆ ಮಾತನ್ನು ಒಪ್ಪಬಾರದು, ಅದು ಪರೀಕ್ಷೆಗೆ ನಿಲ್ಲಬೇಕು ಎಂಬ ನಿಲುವು ಎರಡು ಕಡೆಯೂ ಒಂದೇ. ಆದ್ದರಿಂದ ಪ್ರಶ್ನೆ ಕೇಳುವ ಮಗುವನ್ನು ಅವಿಧೇಯನೆಂದು ಗದರಿಸುವುದು ನಮ್ಮ ಪರಂಪರೆಗೆ ಒಪ್ಪುವ ಮಾತಲ್ಲ.

ಈ ಶಾಸ್ತ್ರ ನಮ್ಮ ನಾಡಿಗೆ ಹೊಸದಲ್ಲ

ಜರ್ಮನಿಯ ಲೈಪ್‌ಸಿಗ್ ನಗರದಲ್ಲಿ ವಿಲ್‌ಹೆಲ್ಮ್ ವುಂಟ್ 1879ರಲ್ಲಿ ಮನೋವಿಜ್ಞಾನದ ಪ್ರಯೋಗಶಾಲೆಯನ್ನು ಆರಂಭಿಸಿದನೆಂದು ಪಠ್ಯಪುಸ್ತಕಗಳು ಹೇಳುತ್ತವೆ. ಅಲ್ಲಿಂದ ಅರ್ಧ ಶತಮಾನ ತುಂಬುವ ಮೊದಲೇ, 1924ರಲ್ಲಿ, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನೋವಿಜ್ಞಾನ ವಿಭಾಗ ಆರಂಭವಾಯಿತು. ಅದನ್ನು ಕಟ್ಟಿದ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಬಳಿ ವ್ಯಾಸಂಗ ಮಾಡಿದವರು. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ‘ಆಕಾಶವಾಣಿ’ಯನ್ನು ಬಿತ್ತರಿಸಿದವರೂ ಇವರೇ. ಇಂದು ವಿದ್ಯಾರ್ಥಿಗಳು ಸಹಸಂಬಂಧದ ಲೆಕ್ಕದಲ್ಲಿ ಬಳಸುವ ಸ್ಪಿಯರ್‌ಮನ್ ಸೂತ್ರವು ಆ ಗುರುವಿನದೇ. ಗುರುಶಿಷ್ಯ ಪರಂಪರೆಯ ಒಂದು ಎಳೆ ಲಂಡನ್ನಿನಿಂದ ಮೈಸೂರಿಗೆ, ಅಲ್ಲಿಂದ ನಮ್ಮ ಮಕ್ಕಳ ನೋಟುಪುಸ್ತಕಕ್ಕೆ ಹರಿದು ಬಂದಿದೆ.

ದಕ್ಷಿಣ ಬೆಂಗಳೂರಿನವರಿಗೆ ಇನ್ನೊಂದು ಸೌಭಾಗ್ಯವಿದೆ. ಜಯನಗರಕ್ಕೆ ಸಮೀಪದ ಹೊಸೂರು ರಸ್ತೆಯಲ್ಲಿರುವ ನಿಮ್ಹಾನ್ಸ್ ಸಂಸ್ಥೆಯು ದೇಶದ ಮಾನಸಿಕ ಆರೋಗ್ಯ ಸಂಶೋಧನೆಯ ಪ್ರಮುಖ ಕೇಂದ್ರ. 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಾಗಿ ಆರಂಭಗೊಂಡು, ಮೈಸೂರು ಸರ್ಕಾರದ ಕಾಲದ ಮಾನಸಿಕ ಆಸ್ಪತ್ರೆಯೊಡನೆ 1974ರಲ್ಲಿ ಒಂದುಗೂಡಿ ಅದು ಈಗಿನ ರೂಪವನ್ನು ಪಡೆಯಿತು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಈ ಸಂಸ್ಥೆ ನಡೆಸಿದ ಕಾರ್ಯವೇ ಮುಂದೆ ರಾಷ್ಟ್ರಮಟ್ಟದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಸಿಬ್ಬಂದಿಗೂ ತರಬೇತಿ ನೀಡಿದರೆ ಹಳ್ಳಿಯ ರೋಗಿಗೆ ಊರ ಹತ್ತಿರವೇ ಚಿಕಿತ್ಸೆ ದೊರೆಯಬಹುದೇ ಎಂಬುದು ಅಲ್ಲಿ ಪರಿಶೀಲಿಸಿದ ಪ್ರಶ್ನೆ. ಒಂದು ಪ್ರಶ್ನೆ, ಅದನ್ನು ಪರೀಕ್ಷಿಸುವ ಒಂದು ಕ್ರಮ, ಅದರಿಂದ ಬಂದ ಉತ್ತರ, ಆ ಉತ್ತರದಿಂದ ಜನರಿಗಾದ ಉಪಕಾರ, ಸಂಶೋಧನೆಯೆಂದರೆ ಇಷ್ಟೇ.

ಒಂದೇ ಪ್ರಶ್ನೆ, ಐದು ದಾರಿಗಳು

ವಿಧಾನಗಳನ್ನು ಬಿಡಿಬಿಡಿಯಾಗಿ ಓದುವುದರಿಂದಲೇ ಅವು ಮರೆತುಹೋಗುತ್ತವೆ. ಒಂದು ಪ್ರಶ್ನೆಯನ್ನು ಹಿಡಿದು ಐದು ದಾರಿಗಳಲ್ಲಿಯೂ ನಡೆದು ನೋಡಿದರೆ ಪ್ರತಿಯೊಂದರ ಗುಣದೋಷಗಳು ತಾವಾಗಿಯೇ ತಿಳಿಯುತ್ತವೆ. ಭಕ್ತರೆಲ್ಲರ ಮನಸ್ಸಿನಲ್ಲಿರುವ ಪ್ರಶ್ನೆಯೊಂದನ್ನೇ ತೆಗೆದುಕೊಳ್ಳೋಣ: ನಿತ್ಯ ಇಷ್ಟಲಿಂಗ ಪೂಜೆ ಮಾಡುವ ವಿದ್ಯಾರ್ಥಿಗಳಲ್ಲಿ ಪರೀಕ್ಷೆಯ ಆತಂಕ ಕಡಿಮೆಯಿರುತ್ತದೆಯೇ?

ಮೊದಲನೆಯದು ಅವಲೋಕನ. ಪರೀಕ್ಷೆಯ ದಿನ ಕಾಲೇಜಿನ ಅಂಗಳದಲ್ಲಿ ನಿಂತು ಯಾರು ಉಗುರು ಕಚ್ಚುತ್ತಿದ್ದಾರೆ, ಯಾರು ಪುಟಗಳನ್ನು ಅವಸರದಿಂದ ತಿರುವುತ್ತಿದ್ದಾರೆ, ಯಾರು ಸಮಾಧಾನದಿಂದಿದ್ದಾರೆ ಎಂದು ಗುರುತಿಸಿಕೊಳ್ಳುವುದು ಸಹಜ ಅವಲೋಕನ. ನಡವಳಿಕೆಯನ್ನು ಅದು ನಡೆಯುವ ತಾಣದಲ್ಲಿಯೇ ಕಾಣಬಹುದೆಂಬುದು ಇದರ ಬಲ. ನೋಡುವವನು ತಾನು ಬಯಸಿದ್ದನ್ನೇ ಕಾಣುತ್ತಾನೆಂಬುದು ಇದರ ದೌರ್ಬಲ್ಯ. ವಿಭೂತಿ ಧರಿಸಿದ ಹುಡುಗ ಸುಮ್ಮನೆ ಕುಳಿತಿದ್ದರೆ ಅದು ನಮಗೆ ಶಾಂತಿಯಾಗಿ ಕಾಣುತ್ತದೆ. ಇನ್ನೊಬ್ಬ ಹಾಗೆಯೇ ಕುಳಿತಿದ್ದರೆ ಭಯದಿಂದ ಮರಗಟ್ಟಿದವನಂತೆ ಕಾಣುತ್ತದೆ. ಆದ್ದರಿಂದಲೇ ಒಬ್ಬರಿಗಿಂತ ಹೆಚ್ಚು ಮಂದಿ, ಮೊದಲೇ ನಿಗದಿಪಡಿಸಿದ ಪಟ್ಟಿಯನ್ನು ಹಿಡಿದು, ಯಾರು ಯಾರೆಂಬುದು ತಿಳಿಯದಂತೆ ಅವಲೋಕಿಸಬೇಕು.

ಎರಡನೆಯದು ಸಮೀಕ್ಷೆ. ಪ್ರಶ್ನಾವಳಿಯೊಂದನ್ನು ಸಿದ್ಧಪಡಿಸಿ ನೂರಾರು ವಿದ್ಯಾರ್ಥಿಗಳಿಂದ ಉತ್ತರ ಪಡೆಯಬಹುದು. ಅಲ್ಪ ಕಾಲದಲ್ಲಿ ಬಹು ಜನರ ಮಾಹಿತಿ ದೊರೆಯುತ್ತದೆ. ಆದರೆ ಜನರು ತಾವು ಇರುವಂತೆ ಉತ್ತರಿಸದೆ ತಾವು ಇರಬೇಕಾದಂತೆ ಉತ್ತರಿಸುವುದುಂಟು. ಮಠದ ಆವರಣದಲ್ಲಿ, ಮಠದ ಕಾರ್ಯಕರ್ತರೇ ಕೈಗಿತ್ತ ಹಾಳೆಯಲ್ಲಿ ‘ನಿಮಗೆ ಪೂಜೆಯಿಂದ ನೆಮ್ಮದಿ ದೊರೆತಿದೆಯೇ’ ಎಂದು ಕೇಳಿದರೆ ಇಲ್ಲವೆಂದು ಬರೆಯುವವರು ಎಷ್ಟು ಮಂದಿ? ಪ್ರಶ್ನೆಯೇ ಉತ್ತರವನ್ನು ಹೇಳಿಕೊಡುತ್ತಿದೆ. ‘ಪರೀಕ್ಷೆಯ ಹಿಂದಿನ ರಾತ್ರಿ ಎಷ್ಟು ಗಂಟೆ ನಿದ್ರಿಸಿದಿರಿ’ ಎಂಬುದು ಅದಕ್ಕಿಂತ ಉತ್ತಮ ಪ್ರಶ್ನೆ.

ಮೂರನೆಯದು ವ್ಯಕ್ತಿ ಅಧ್ಯಯನ. ಒಬ್ಬ ವಿದ್ಯಾರ್ಥಿನಿಯ ಬಾಲ್ಯ, ಕುಟುಂಬ, ಓದು, ಪೂಜೆ, ಆತಂಕ ಎಲ್ಲವನ್ನೂ ತಿಂಗಳುಗಟ್ಟಲೆ ಆಳವಾಗಿ ಅರಿಯುವುದು. ಇಲ್ಲಿ ದೊರೆಯುವ ಆಳ ಬೇರೆ ಯಾವ ವಿಧಾನದಲ್ಲಿಯೂ ದೊರೆಯದು. ಆದರೆ ಒಬ್ಬಳ ಅನುಭವವನ್ನು ಎಲ್ಲರಿಗೂ ಅನ್ವಯಿಸಲಾಗದು. ನಮ್ಮ ಸಭೆಗಳಲ್ಲಿ ಕೇಳಿಬರುವ ‘ನಮ್ಮ ಮಗನಿಗೆ ಹೀಗಾಯಿತು’ ಎಂಬ ನಿವೇದನೆಗಳು ಸುಳ್ಳೆಂದು ಯಾರೂ ಹೇಳುತ್ತಿಲ್ಲ. ಅವು ಒಬ್ಬರ ವಿಷಯದಲ್ಲಿ ಸತ್ಯ, ಎಲ್ಲರ ವಿಷಯದಲ್ಲಿ ಇನ್ನೂ ಪ್ರಶ್ನೆ.

ನಾಲ್ಕನೆಯದು ಸಹಸಂಬಂಧ ವಿಧಾನ. ವಾರದಲ್ಲಿ ಎಷ್ಟು ದಿನ ಪೂಜೆ ಮಾಡುತ್ತಾರೆ ಎಂಬುದನ್ನೂ ಆತಂಕದ ಅಂಕವನ್ನೂ ಜೊತೆಯಾಗಿಟ್ಟು, ಒಂದು ಹೆಚ್ಚಿದಂತೆ ಇನ್ನೊಂದು ಏರುತ್ತದೆಯೇ ಇಳಿಯುತ್ತದೆಯೇ ಎಂದು ನೋಡುವುದು. ಉತ್ತರವು -1ರಿಂದ +1ರ ನಡುವೆ ಬರುತ್ತದೆ. ಪೂಜೆ ಹೆಚ್ಚಿದಂತೆ ಆತಂಕ ಇಳಿದರೆ ಅದು ಋಣ ಸಹಸಂಬಂಧ. ಇಲ್ಲಿಯೇ ವಿದ್ಯಾರ್ಥಿಗಳೂ ಪತ್ರಿಕೆಗಳೂ ಒಟ್ಟಿಗೆ ಎಡವುವುದು. ಏಪ್ರಿಲ್ ತಿಂಗಳಿನಲ್ಲಿ ಬನಶಂಕರಿಯ ರಸ್ತೆಬದಿಯ ಕಬ್ಬಿನಹಾಲಿನ ಮಾರಾಟ ಹೆಚ್ಚುತ್ತದೆ, ಬಡಾವಣೆಗೆ ಬರುವ ನೀರಿನ ಟ್ಯಾಂಕರುಗಳೂ ಹೆಚ್ಚುತ್ತವೆ. ಹಾಗೆಂದು ಕಬ್ಬಿನಹಾಲು ನೀರಿನ ಅಭಾವವನ್ನು ತಂದಿತೆನ್ನಲಾದೀತೇ? ಎರಡಕ್ಕೂ ಕಾರಣ ಬೇಸಿಗೆ. ಅಂತೆಯೇ, ನಿತ್ಯ ಪೂಜೆ ಮಾಡುವ ಹುಡುಗ ಬೆಳಗಿನ ಜಾವ ಏಳುತ್ತಾನೆ. ಬೇಗ ಏಳಬೇಕಾದುದರಿಂದ ಬೇಗ ಮಲಗುತ್ತಾನೆ. ಬಹುಶಃ ಶಿಸ್ತುಳ್ಳ ಮನೆಯಲ್ಲಿ ಬೆಳೆದಿರುತ್ತಾನೆ. ಅವನ ಆತಂಕವನ್ನು ತಗ್ಗಿಸಿದ್ದು ಪೂಜೆಯೋ, ನಿದ್ರೆಯೋ, ಮನೆಯ ಆಸರೆಯೋ? ಸಹಸಂಬಂಧ ಇದಕ್ಕೆ ಉತ್ತರ ಹೇಳದು. ಆತಂಕವಿಲ್ಲದವರಿಗೆ ಸ್ಥಿರವಾಗಿ ಕುಳಿತು ಪೂಜಿಸುವುದು ಸುಲಭವಾಗಿರಲೂಬಹುದು. ಆಗ ಕಾರಣ ಮತ್ತು ಪರಿಣಾಮಗಳು ತಿರುವುಮುರುವಾಗುತ್ತವೆ.

ಐದನೆಯದು ಪ್ರಯೋಗ. ಕಾರಣವನ್ನು ಕುರಿತು ಧೈರ್ಯವಾಗಿ ಮಾತನಾಡಬಲ್ಲ ವಿಧಾನ ಇದು. ಸಂಶೋಧಕನು ತಾನೇ ಬದಲಾಯಿಸುವ ಅಂಶ ಸ್ವತಂತ್ರ ಚರ. ಅದರ ಪರಿಣಾಮವಾಗಿ ಬದಲಾಗಬಹುದಾದ, ತಾನು ಅಳೆಯುವ ಅಂಶ ಅವಲಂಬಿತ ಚರ. ಅರುವತ್ತು ಮಂದಿಯನ್ನು ಚೀಟಿ ಎತ್ತಿ ಎರಡು ಗುಂಪುಗಳಾಗಿ ಹಂಚಬೇಕು. ಚೀಟಿ ಎತ್ತುವುದೇಕೆಂದರೆ, ಶಿಸ್ತುಳ್ಳವರು, ಬೇಗ ಏಳುವವರು, ಸ್ವಭಾವತಃ ಧೈರ್ಯಶಾಲಿಗಳು ಎರಡೂ ಕಡೆ ಸರಿಸುಮಾರು ಸಮವಾಗಿ ಹರಡಿಕೊಳ್ಳಲೆಂದು. ಒಂದು ಪ್ರಾಯೋಗಿಕ ಗುಂಪು, ಇನ್ನೊಂದು ನಿಯಂತ್ರಿತ ಗುಂಪು.

ಆದರೆ ಇಲ್ಲೊಂದು ತೊಡಕು. ಚೀಟಿ ಎತ್ತಿ ಯಾರಿಗೂ ಲಿಂಗದೀಕ್ಷೆ ಕೊಡಲಾಗದು. ಚೀಟಿ ಬಂದಿತೆಂದು ನಿತ್ಯ ಪೂಜಿಸುವವನ ಪೂಜೆಯನ್ನು ಬಿಡಿಸಲೂ ಆಗದು. ದೀಕ್ಷೆಯು ಶ್ರದ್ಧೆಯ ವಿಷಯ, ಪ್ರಯೋಗದ ಸಾಮಗ್ರಿಯಲ್ಲ. ಹೆಚ್ಚೆಂದರೆ ದಿನಕ್ಕೆ ಹತ್ತು ನಿಮಿಷ ಒಂದೆಡೆ ದೃಷ್ಟಿ ನಿಲ್ಲಿಸಿ ಮೌನವಾಗಿ ಕುಳಿತುಕೊಳ್ಳುವ ಅಭ್ಯಾಸವನ್ನು ಒಂದು ಗುಂಪಿಗೂ, ಹತ್ತು ನಿಮಿಷ ಮೌನವಾಗಿ ಪತ್ರಿಕೆ ಓದುವುದನ್ನು ಇನ್ನೊಂದು ಗುಂಪಿಗೂ ಕೊಟ್ಟು ತಿಂಗಳ ನಂತರ ಆತಂಕವನ್ನು ಅಳೆಯಬಹುದು. ಆಗ ದೊರೆಯುವ ಉತ್ತರ ಏಕಾಗ್ರತೆಯ ಅಭ್ಯಾಸವನ್ನು ಕುರಿತದ್ದು, ಇಷ್ಟಲಿಂಗ ಪೂಜೆಯನ್ನು ಕುರಿತದ್ದಲ್ಲ. ಏನನ್ನು ಪರೀಕ್ಷಿಸಿದೆವೋ ಅದರ ಬಗೆಗೆ ಮಾತ್ರ ಮಾತನಾಡುವ ಸಂಯಮವನ್ನು ಈ ಅಧ್ಯಾಯ ಕಲಿಸುತ್ತದೆ.

ಹತ್ತು ಜನರ ಮಾತು ಊರಿನ ಮಾತೇ?

ಮಾದರಿ ಆಯ್ಕೆಯೆಂಬುದು ಅನ್ನ ಬೆಂದಿದೆಯೇ ಎಂದು ಅಗುಳು ಹಿಚುಕಿ ನೋಡುವಂತೆ. ಆದರೆ ಮೊದಲು ಪಾತ್ರೆಯನ್ನು ಕದಡಿರಬೇಕು. ದಕ್ಷಿಣ ಬೆಂಗಳೂರಿನ ವಿದ್ಯಾರ್ಥಿಗಳ ಆತಂಕವನ್ನು ತಿಳಿಯಬೇಕೆಂದು ಜಯನಗರ ನಾಲ್ಕನೆಯ ಬಡಾವಣೆಯಲ್ಲಿ ಸಿಕ್ಕವರನ್ನಷ್ಟೇ ಕೇಳಿದರೆ, ಊರು ಬಿಟ್ಟು ಬಂದು ಬಿಟಿಎಂ ಬಡಾವಣೆಯ ಪಿಜಿ ಕೋಣೆಗಳಲ್ಲಿ ಒಂಟಿಯಾಗಿರುವವರ ದನಿ ಕೇಳಿಸದು. ಶಿವಾನುಭವ ಗೋಷ್ಠಿಗೆ ಬಂದವರನ್ನು ಮಾತ್ರ ಕೇಳಿದರೆ ಬಾರದವರ ಅಳಲು ತಿಳಿಯದು. ಆದ್ದರಿಂದ ಬಡಾವಣೆ, ಲಿಂಗ, ತರಗತಿ, ವಾಸದ ಬಗೆ ಎಂದು ಸ್ತರಗಳನ್ನು ಮಾಡಿ, ಪ್ರತಿ ಸ್ತರದಿಂದಲೂ ಯಾದೃಚ್ಛಿಕವಾಗಿ ಆಯ್ದುಕೊಳ್ಳುವುದನ್ನು ಸ್ತರೀಕೃತ ಮಾದರಿ ಎನ್ನುತ್ತಾರೆ.

ಇದಕ್ಕೊಂದು ನೈಜ ನಿದರ್ಶನವಿದೆ. ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನು ನಡೆಸಿತು. 12 ರಾಜ್ಯಗಳನ್ನು ಆಯ್ದು, ಅವುಗಳಲ್ಲಿ ಜಿಲ್ಲೆ, ತಾಲ್ಲೂಕು, ಹಳ್ಳಿ ಅಥವಾ ವಾರ್ಡು, ಮನೆ ಎಂದು ಹಂತಹಂತವಾಗಿ ಇಳಿದು 34,802 ವಯಸ್ಕರನ್ನು ಸಂದರ್ಶಿಸಲಾಯಿತು. ವಯಸ್ಕರಲ್ಲಿ ಶೇಕಡ 10.6ರಷ್ಟು ಮಂದಿ ಯಾವುದಾದರೊಂದು ಮಾನಸಿಕ ಅಸ್ವಸ್ಥತೆಯಿಂದ ಬಳಲುತ್ತಿದ್ದಾರೆಂದು ಅಂದಾಜಾಯಿತು. ಸಮೀಕ್ಷೆಯ ಪೂರ್ವಭಾವಿ ಪ್ರಯೋಗ ನಮ್ಮ ಕೋಲಾರ ಜಿಲ್ಲೆಯಲ್ಲಿ ನಡೆಯಿತಾದರೂ ಆ 12 ರಾಜ್ಯಗಳ ಪಟ್ಟಿಯಲ್ಲಿ ಕರ್ನಾಟಕ ಇರಲಿಲ್ಲ. ಹಾಗಾದರೆ ‘ಕರ್ನಾಟಕದಲ್ಲಿ ಶೇಕಡ 10.6’ ಎಂದು ಬರೆಯಬಹುದೇ? ಬರೆಯಲಾಗದು, ಅದು 12 ರಾಜ್ಯಗಳನ್ನು ಆಧರಿಸಿ ದೇಶಕ್ಕೆ ಮಾಡಿದ ಅಂದಾಜು. ಇಂತಹ ಒಂದು ವಾಕ್ಯವನ್ನು ಉತ್ತರಪತ್ರಿಕೆಯಲ್ಲಿ ಬರೆಯಬಲ್ಲ ವಿದ್ಯಾರ್ಥಿ ಮಾದರಿ ಆಯ್ಕೆಯನ್ನು ಅರಿತಿದ್ದಾನೆಂದೇ ಅರ್ಥ.

ತಾಳೆಗರಿಯಿಂದ ಕಲಿಯುವ ಪಾಠ

ವಿದ್ಯಾರ್ಥಿಗಳು ಸದಾ ಅದಲುಬದಲು ಮಾಡುವ ಎರಡು ಪದಗಳೆಂದರೆ ವಿಶ್ವಸನೀಯತೆ ಮತ್ತು ಸಪ್ರಮಾಣತೆ. ಇಂಗ್ಲಿಷಿನ ರಿಲಯಬಿಲಿಟಿ ಮತ್ತು ವ್ಯಾಲಿಡಿಟಿ. ಮತ್ತೆ ಮತ್ತೆ ಅಳೆದಾಗಲೂ ಅದೇ ಫಲ ಬರುವುದು ಮೊದಲನೆಯದು. ಏನನ್ನು ಅಳೆಯಹೊರಟೆವೋ ಅದನ್ನೇ ಅಳೆಯುತ್ತಿರುವುದು ಎರಡನೆಯದು.

ಇದನ್ನು ತಿಳಿಯಲು ನಮ್ಮ ವಚನ ಸಂಶೋಧಕರ ಕಾಯಕವನ್ನು ನೆನೆಯೋಣ. ಡಾ. ಫ.ಗು. ಹಳಕಟ್ಟಿಯವರು ಊರೂರು ಅಲೆದು ತಾಳೆಗರಿಗಳನ್ನು ಸಂಗ್ರಹಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದರು. ಡಾ. ಎಂ.ಎಂ. ಕಲಬುರ್ಗಿಯವರು ‘ಕನ್ನಡ ಸಂಶೋಧನ ಶಾಸ್ತ್ರ’ವೆಂಬ ಗ್ರಂಥವನ್ನೇ ರಚಿಸಿದರು. ಒಂದು ವಚನದ ಹತ್ತು ಪ್ರತಿಗಳು ಹತ್ತು ಊರುಗಳಲ್ಲಿ ದೊರೆತು, ಹತ್ತರಲ್ಲಿಯೂ ಒಂದೇ ಪಾಠವಿದೆಯೆಂದು ಊಹಿಸಿಕೊಳ್ಳಿ. ಪ್ರತಿಗಳು ಒಂದಕ್ಕೊಂದು ಹೊಂದುತ್ತಿವೆ, ಅದು ವಿಶ್ವಸನೀಯತೆ. ಆದರೆ ಹತ್ತೂ ಪ್ರತಿಗಳು ಮೊದಲೇ ತಪ್ಪಾಗಿ ಬರೆದಿದ್ದ ಒಂದೇ ಮೂಲದಿಂದ ನಕಲಾಗಿದ್ದರೆ? ಅಥವಾ ಯಾರೋ ರಚಿಸಿ ಬೇರೊಬ್ಬ ಶರಣರ ಅಂಕಿತವನ್ನು ಸೇರಿಸಿದ್ದರೆ? ಹೊಂದಾಣಿಕೆ ಪೂರ್ಣವಾಗಿದ್ದರೂ ಅದು ಆ ಶರಣರ ವಚನವಲ್ಲ; ಅಲ್ಲಿ ಸಪ್ರಮಾಣತೆ ಇಲ್ಲ. ಮನೋವಿಜ್ಞಾನದ ಪರೀಕ್ಷೆಗಳಿಗೂ ಇದೇ ನ್ಯಾಯ. ಪರೀಕ್ಷೆಯ ಆತಂಕವನ್ನು ಅಳೆಯುತ್ತೇವೆಂದು ಹೇಳುವ ಪ್ರಶ್ನಾವಳಿಯು ವಾಸ್ತವವಾಗಿ ಇಂಗ್ಲಿಷ್ ಓದುವ ಸಾಮರ್ಥ್ಯವನ್ನು ಅಳೆಯುತ್ತಿದ್ದರೆ, ನೂರು ಬಾರಿ ಒಂದೇ ಅಂಕ ಬಂದರೂ ಪ್ರಯೋಜನವಿಲ್ಲ. ಹೊರದೇಶದ ಅಳತೆಗೋಲನ್ನು ಕನ್ನಡಕ್ಕೆ ತರುವಾಗ ಪುನಃ ಪರೀಕ್ಷಿಸಬೇಕೆನ್ನುವುದು ಇದಕ್ಕಾಗಿಯೇ.

ಒಪ್ಪಿಗೆಯೆಂಬ ಆಚಾರ

ಪಠ್ಯಪುಸ್ತಕದಲ್ಲಿ ಸಂಶೋಧನಾ ನೀತಿಯ ಭಾಗ ಒಂದೆರಡು ಪುಟಗಳಲ್ಲಿ ಮುಗಿಯುತ್ತದೆ. ಆದರೆ ಆ ಪುಟಗಳ ಹಿಂದೆ ನೋವಿನ ಇತಿಹಾಸವಿದೆ. 1920ರಲ್ಲಿ ಪ್ರಕಟವಾದ ವಾಟ್ಸನ್ ಮತ್ತು ರೇನರ್ ಅವರ ಅಧ್ಯಯನದಲ್ಲಿ ಪುಟ್ಟ ಮಗುವೊಂದಕ್ಕೆ ದೊಡ್ಡ ಸದ್ದಿನ ಮೂಲಕ ಬಿಳಿ ಇಲಿಯ ಭಯವನ್ನು ಕಲಿಸಲಾಯಿತು. ಆ ಭಯವನ್ನು ಹೋಗಲಾಡಿಸಲಿಲ್ಲ. 1960ರ ದಶಕದ ಆರಂಭದಲ್ಲಿ ಸ್ಟ್ಯಾನ್ಲಿ ಮಿಲ್‌ಗ್ರಾಮ್ ಎಂಬ ಸಂಶೋಧಕ, ಅಧಿಕಾರಿಯ ಮಾತಿಗೆ ಮಣಿದು ಜನರು ಇತರರಿಗೆ ಎಷ್ಟರಮಟ್ಟಿಗೆ ನೋವು ಕೊಡಬಲ್ಲರೆಂದು ಪರೀಕ್ಷಿಸಿದ. ವಿದ್ಯುದಾಘಾತ ನಿಜವಾಗಿರಲಿಲ್ಲ, ಆದರೆ ಅದನ್ನು ನಿಜವೆಂದು ನಂಬಿದವರ ಸಂಕಟ ನಿಜವಾಗಿತ್ತು. ಇಂತಹ ಅಧ್ಯಯನಗಳ ಬಗೆಗೆ ಎದ್ದ ವಾದವಿವಾದಗಳು ಇಂದಿನ ನಿಯಮಗಳಿಗೆ ಬಲ ತುಂಬಿದವು: ತಿಳಿದು ನೀಡಿದ ಒಪ್ಪಿಗೆ, ಯಾವಾಗ ಬೇಕಾದರೂ ಹಿಂದೆ ಸರಿಯುವ ಸ್ವಾತಂತ್ರ್ಯ, ಗೋಪ್ಯತೆ, ಹಾನಿಯಿಂದ ರಕ್ಷಣೆ, ಕೊನೆಯಲ್ಲಿ ಎಲ್ಲವನ್ನೂ ವಿವರಿಸಿ ಹೇಳುವ ಕರ್ತವ್ಯ. ಹದಿನೆಂಟು ವರ್ಷ ತುಂಬದವರಾದರೆ ಪೋಷಕರ ಒಪ್ಪಿಗೆಯ ಜೊತೆಗೆ ಮಗುವಿನ ಸಮ್ಮತಿಯನ್ನೂ ಕೇಳುವುದು ಕ್ರಮ.

ಮಠದ ಪರಿಸರದಲ್ಲಿ ಈ ನಿಯಮಗಳನ್ನು ಇನ್ನಷ್ಟು ಎಚ್ಚರದಿಂದ ಪಾಲಿಸಬೇಕು. ಗುರುಗಳು ‘ಈ ಹಾಳೆ ತುಂಬಿಕೊಡಿ’ ಎಂದರೆ ಶಿಷ್ಯನು ಒಲ್ಲೆ ಎನ್ನಲಾರ. ಒಲ್ಲೆ ಎನ್ನಲಾಗದ ಕಡೆ ನೀಡಿದ ಹೂಂ ಒಪ್ಪಿಗೆಯಲ್ಲ. ಆದ್ದರಿಂದ ನಮ್ಮ ವಿದ್ಯಾರ್ಥಿಗಳು ಕಾಲೇಜಿನ ಕಿರುಸಂಶೋಧನೆಗಾಗಿ ಮಠದ ಪ್ರಸಾದನಿಲಯದಲ್ಲಿ ಮಾಹಿತಿ ಸಂಗ್ರಹಿಸಲು ಬಯಸಿದರೆ ಅಧ್ಯಾಪಕರ ಅನುಮತಿ ಪಡೆದು, ಹೆಸರು ಬರೆಸದೆ, ಹಿರಿಯರ ಸಮ್ಮುಖದಲ್ಲಲ್ಲದೆ, ಬೇಡವೆಂದವರನ್ನು ಒತ್ತಾಯಿಸದೆ ಸಂಗ್ರಹಿಸಬೇಕು.

ಓದುವ ಕ್ರಮ

ಹೇಗೆ ಓದಬೇಕೆಂಬುದನ್ನೂ ಸಂಶೋಧನೆಯೇ ಹೇಳುತ್ತದೆ. ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಕೆಲವರು ಪಾಠವನ್ನು ಎರಡು ಬಾರಿ ಓದಿದರು. ಉಳಿದವರು ಒಮ್ಮೆ ಓದಿ, ಪುಸ್ತಕ ಮುಚ್ಚಿ, ನೆನಪಾದುದನ್ನು ಬರೆದರು. ಐದು ನಿಮಿಷಗಳ ನಂತರ ಕೇಳಿದಾಗ ಎರಡು ಬಾರಿ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಕೇಳಿದಾಗ ಎರಡು ಬಾರಿ ಓದಿದವರಿಗೆ ಶೇಕಡ 42ರಷ್ಟು ನೆನಪಿದ್ದರೆ, ಓದಿ ಬರೆದು ನೋಡಿಕೊಂಡವರಿಗೆ ಶೇಕಡ 56ರಷ್ಟು ನೆನಪಿತ್ತು. ಪುಟವನ್ನು ಮತ್ತೆ ಮತ್ತೆ ಓದುವುದರಿಂದ ಬರುವ ‘ಎಲ್ಲ ಗೊತ್ತಿದೆ’ ಎಂಬ ಭಾವ ನಂಬಿಕೆಗೆ ಅರ್ಹವಲ್ಲ.

ಇದನ್ನು ಅನುಸರಿಸಿ ಹೀಗೆ ಅಭ್ಯಸಿಸಬಹುದು. ದಿನಕ್ಕೊಂದು ವಿಧಾನವನ್ನು ಓದಿ, ಪುಸ್ತಕ ಮುಚ್ಚಿ, ಐದು ಪ್ರಶ್ನೆಗಳಿಗೆ ಉತ್ತರ ಬರೆಯಿರಿ: ಇದು ಏನು, ಯಾವಾಗ ಬಳಸುತ್ತಾರೆ, ಹೇಗೆ ನಡೆಸುತ್ತಾರೆ, ಇದರ ಬಲವೇನು, ಮಿತಿಯೇನು. ಉದಾಹರಣೆಯನ್ನು ಪುಸ್ತಕದಿಂದ ತೆಗೆದುಕೊಳ್ಳದೆ ನಿಮ್ಮ ಬೀದಿಯಿಂದ ತೆಗೆದುಕೊಳ್ಳಿ. ಲಾಲ್‌ಬಾಗಿನ ನಡಿಗೆ, ಬನಶಂಕರಿ ಮೆಟ್ರೋ ನಿಲ್ದಾಣದ ಸರತಿ ಸಾಲು ಯಾವುದಾದರೂ ಆದೀತು. ಪ್ರತಿ ಪದವನ್ನೂ ಕನ್ನಡದಲ್ಲಿ ಅರ್ಥ ಮಾಡಿಕೊಂಡು, ಪಕ್ಕದಲ್ಲಿ ಇಂಗ್ಲಿಷ್ ಪದವನ್ನು ಬರೆದುಕೊಳ್ಳಿ. ಅರ್ಥ ತಾಯ್ನುಡಿಯಲ್ಲಿ ನೆಲೆಗೊಂಡರೆ ಹೆಸರು ಯಾವ ಭಾಷೆಯಲ್ಲಿ ಬಂದರೂ ಗುರುತು ಸಿಗುತ್ತದೆ. ಮೂರು ದಿನಗಳ ನಂತರ ಅದೇ ಐದು ಪ್ರಶ್ನೆಗಳಿಗೆ ಮತ್ತೊಮ್ಮೆ ನೋಡದೆ ಬರೆಯಿರಿ.

ಅನ್ವಯ ಪ್ರಶ್ನೆಗೆ ಒಂದು ಮಾದರಿ: ‘ಸಂಶೋಧಕಿಯೊಬ್ಬಳು 40 ವಿದ್ಯಾರ್ಥಿಗಳನ್ನು ಚೀಟಿ ಎತ್ತಿ ಎರಡು ಗುಂಪು ಮಾಡಿದಳು. ಒಂದು ಗುಂಪು 15 ಪದಗಳ ಪಟ್ಟಿಯನ್ನು ಮೌನದಲ್ಲಿಯೂ ಇನ್ನೊಂದು ಗುಂಪು ಟಿವಿಯ ಸದ್ದಿನಲ್ಲಿಯೂ ಕಲಿಯಿತು. ನಂತರ ನೆನಪಾದ ಪದಗಳನ್ನು ಎಣಿಸಲಾಯಿತು.’ ಇಲ್ಲಿ ಸಂಶೋಧಕಿ ಬದಲಾಯಿಸಿದ್ದು ಸದ್ದು. ಅದು ಸ್ವತಂತ್ರ ಚರ. ಎಣಿಸಿದ್ದು ನೆನಪಾದ ಪದಗಳು. ಅದು ಅವಲಂಬಿತ ಚರ. ಪಟ್ಟಿ, ಸಮಯ, ಕೋಣೆಯ ಬೆಳಕು ಎರಡೂ ಕಡೆ ಒಂದೇ ಆಗಿರಬೇಕು. ಅವು ನಿಯಂತ್ರಿಸಬೇಕಾದ ಚರಗಳು. ‘ಮೌನದಲ್ಲಿ ಕಲಿತವರು ಹೆಚ್ಚು ಪದಗಳನ್ನು ನೆನಪಿಸಿಕೊಳ್ಳುತ್ತಾರೆ’ ಎಂಬುದು ಪ್ರಾಕ್ಕಲ್ಪನೆ. ‘ಎರಡು ಗುಂಪುಗಳಲ್ಲಿ ವ್ಯತ್ಯಾಸವಿಲ್ಲ’ ಎಂಬುದು ಶೂನ್ಯ ಪ್ರಾಕ್ಕಲ್ಪನೆ. ಈ ಶೂನ್ಯಕ್ಕೂ ಅಲ್ಲಮಪ್ರಭುಗಳ ಶೂನ್ಯಕ್ಕೂ ಸಂಬಂಧವಿಲ್ಲವೆಂಬುದನ್ನು ನೆನಪಿಡಿ. ಮೊದಲು ವ್ಯತ್ಯಾಸವಿಲ್ಲವೆಂದೇ ಇಟ್ಟುಕೊಂಡು, ಸಾಕ್ಷ್ಯ ಸಾಕಷ್ಟು ಬಲವಾಗಿದ್ದರೆ ಮಾತ್ರ ಅದನ್ನು ಕೈಬಿಡುವುದು ಇಲ್ಲಿನ ಕ್ರಮ.

ಲೆಕ್ಕಕ್ಕೂ ಹೆದರಬೇಕಿಲ್ಲ. ಐವರು ವಿದ್ಯಾರ್ಥಿಗಳು ಓದಿನ ಅವಧಿಯಲ್ಲಿ 1, 2, 3, 4, 5ನೆಯ ಸ್ಥಾನಗಳಲ್ಲಿಯೂ, ಅದೇ ಕ್ರಮದಲ್ಲಿ ಅಂಕಗಳಲ್ಲಿ 2, 1, 3, 5, 4ನೆಯ ಸ್ಥಾನಗಳಲ್ಲಿಯೂ ಇದ್ದಾರೆನ್ನೋಣ. ಸ್ಥಾನಗಳ ವ್ಯತ್ಯಾಸದ ವರ್ಗಗಳು 1, 1, 0, 1, 1; ಮೊತ್ತ 4. ಸ್ಪಿಯರ್‌ಮನ್ ಸೂತ್ರದಂತೆ ಈ ಮೊತ್ತವನ್ನು 6ರಿಂದ ಗುಣಿಸಿದರೆ 24. ಐವರಿರುವುದರಿಂದ 5ರ ವರ್ಗವಾದ 25ರಲ್ಲಿ 1 ಕಳೆದು, 5ರಿಂದ ಗುಣಿಸಿದರೆ 120. 24ನ್ನು 120ರಿಂದ ಭಾಗಿಸಿದರೆ 0.2, ಅದನ್ನು 1ರಿಂದ ಕಳೆದರೆ 0.8. ಇದು ಪ್ರಬಲ ಧನ ಸಹಸಂಬಂಧ. ಉತ್ತರದ ಕೊನೆಯಲ್ಲಿ ‘ಇದರಿಂದ ಕಾರಣವನ್ನು ನಿರ್ಧರಿಸಲಾಗದು, ಮಾದರಿಯೂ ಚಿಕ್ಕದು’ ಎಂದು ಒಂದು ಸಾಲು ಬರೆಯಲು ಮರೆಯದಿರಿ.

ಶ್ರದ್ಧೆಗೆ ಹುಸಿ ಸಾಕ್ಷಿ ಬೇಡ

ಕೊನೆಯದಾಗಿ ಭಕ್ತರಲ್ಲಿ ಒಂದು ವಿನಂತಿ. ನಮ್ಮ ಪೂಜೆ, ಶಿವಯೋಗಗಳನ್ನು ವಿಜ್ಞಾನ ಸಾಬೀತುಪಡಿಸಿದೆಯೆಂಬ ಸಂದೇಶ ಬಂದಾಗ ಹಿಗ್ಗುವ ಮೊದಲು ನಾಲ್ಕು ಪ್ರಶ್ನೆಗಳನ್ನು ಕೇಳೋಣ. ಎಷ್ಟು ಜನರನ್ನು ಪರೀಕ್ಷಿಸಿದರು? ಅವರನ್ನು ಹೇಗೆ ಆಯ್ದರು? ಯಾರೊಡನೆ ಹೋಲಿಸಿದರು? ಏನನ್ನು, ಯಾವ ಅಳತೆಗೋಲಿನಿಂದ ಅಳೆದರು? ಉತ್ತರವಿಲ್ಲದಿದ್ದರೆ ಆ ಸಂದೇಶವನ್ನು ಮುಂದೆ ಕಳುಹಿಸದಿರೋಣ. ಬಸವಾದಿ ಶರಣರು ಲಿಂಗಪೂಜೆಯನ್ನು ಅಂಕ ಗಳಿಸುವ ಉಪಾಯವೆಂದು ಬೋಧಿಸಲಿಲ್ಲ. ನಾಳೆ ಯಾವುದೋ ಪ್ರಯೋಗದಲ್ಲಿ ಆತಂಕ ಕಡಿಮೆಯಾಗಲಿಲ್ಲವೆಂದು ಕಂಡುಬಂದರೆ ಪೂಜೆಯ ಮಹತ್ವ ಕುಂದದು. ಕಡಿಮೆಯಾಯಿತೆಂದು ಕಂಡುಬಂದರೆ ಪೂಜೆ ಔಷಧವಾಗಿಬಿಡದು.

ಈ ಭೇದವನ್ನು ಮರೆತಾಗ ಹಾನಿಯಾಗುತ್ತದೆ. ನಿದ್ರೆ ಬಾರದೆ, ಊಟ ಸೇರದೆ, ವಾರಗಟ್ಟಲೆ ಮಂಕಾಗಿರುವ ಮಗುವಿಗೆ ‘ಇನ್ನೂ ಭಕ್ತಿಯಿಂದ ಪೂಜಿಸು, ಸರಿಹೋಗುತ್ತದೆ’ ಎಂದು ಮಾತ್ರ ಹೇಳಿದರೆ, ಸರಿಹೋಗದಿದ್ದಾಗ ಆ ಮಗು ತನ್ನ ಭಕ್ತಿಯೇ ಸಾಲದೆಂದು ಇನ್ನಷ್ಟು ಕುಗ್ಗುತ್ತದೆ. ಕಾಲು ಮುರಿದವನನ್ನು ಮೂಳೆ ವೈದ್ಯರ ಬಳಿಗೆ ಕರೆದೊಯ್ಯುವ ನಾವು ಮನಸ್ಸು ಬಳಲಿದವನನ್ನು ಮನೋವೈದ್ಯರ ಬಳಿಗೆ ಕರೆದೊಯ್ಯಲು ಹಿಂಜರಿಯಬಾರದು. ಪೂಜೆಯೂ ನಡೆಯಲಿ, ಚಿಕಿತ್ಸೆಯೂ ನಡೆಯಲಿ. 2022ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಉಚಿತವಾಗಿ ಆಪ್ತಸಲಹೆ ಪಡೆಯಬಹುದು. ಬಿಟಿಎಂ ಬಡಾವಣೆಯಲ್ಲಿ ನಿಮ್ಹಾನ್ಸ್ ಸಂಸ್ಥೆಯ ಕ್ಷೇಮ ಕೇಂದ್ರವೂ ಇದೆ. ನಮ್ಮ ಈ ಬಡಾವಣೆಗಳಿಂದ ಅದು ದೂರವೇನಲ್ಲ.

ಸಂಶೋಧನಾ ವಿಧಾನಗಳ ಅಧ್ಯಾಯವನ್ನು ಅರ್ಥ ಮಾಡಿಕೊಂಡು ಓದಿದ ವಿದ್ಯಾರ್ಥಿಯು ಅಂಕಗಳ ಜೊತೆಗೆ ಇನ್ನೊಂದನ್ನೂ ಪಡೆಯುತ್ತಾನೆ. ತನಗೆ ಗೊತ್ತಿರುವುದಕ್ಕೂ ತಾನು ನಂಬಿರುವುದಕ್ಕೂ ನಡುವಿನ ಗೆರೆ ಅವನಿಗೆ ಕಾಣುತ್ತದೆ. ಆ ಗೆರೆಯನ್ನು ಕಂಡವನು ಮನೆಯಲ್ಲಿ ಯಾರಾದರೂ ಬಳಲಿದಾಗ ಸರಿಯಾದ ಬಾಗಿಲನ್ನು ತಟ್ಟಬಲ್ಲ. ಪರೀಕ್ಷೆ ಬರೆಯಲಿರುವ ಎಲ್ಲ ಮಕ್ಕಳಿಗೂ ಗುರುಬಸವಣ್ಣನವರ ಕೃಪೆಯಿರಲಿ.